ಬಿಷಪ್ಪನಿಗೆ ಟರ್ನಿಪ್ ಹಿಡಿಸಲಿಲ್ಲ

ಎಲ್‌ರಾಯ್ ಟ್ವೇಟನ್ ಮೂವತ್ತಮೂರು ವರ್ಷ ಹಸುಗಳ ಚಾಕರಿ ಮಾಡಿದ. ಬೆಳಿಗ್ಗೆ ಐದಕ್ಕೊಮ್ಮೆ, ಸಂಜೆ ಐದಕ್ಕೊಮ್ಮೆ ನಲವತ್ತೆರಡು ಹಸುಗಳ ಹಿಂಭಾಗ ನೋಡುವುದರಲ್ಲೇ ಅವನ ಆಯುಷ್ಯದ ಒಳ್ಳೆಯ ಭಾಗವೆಲ್ಲ ಕಳೆಯಿತು. ಮದುವೆಯ ದಿನ ಕೂಡ ಹಾಲು ಕರೆಯುವ ಹೊತ್ತಾಯಿತೆಂದು ಸೂಟಿನ ಮೇಲೇ ರಬ್ಬರ್ ಬೂಟು ಏರಿಸಿ ಕೊಟ್ಟಿಗೆಗೆ ಹೋದ ಮನುಷ್ಯ. ಕೊನೆಗೆ ಎರಡೂ ಮೊಣಕಾಲು ಕೈಕೊಟ್ಟವು. ಒಂದು ಏಪ್ರಿಲ್‌ನಲ್ಲಿ ಹಸುಗಳನ್ನೆಲ್ಲ ಮಾರಿಬಿಟ್ಟ. ಲಾರಿ ತಿರುವು ದಾಟಿದ ಮೇಲೆ ಅವನ ಹೆಂಡತಿ ಮಾರ್ಡೆಲ್, "ಇನ್ನಾದ್ರೂ ಮನುಷ್ಯರ ಥರ ಏಳು ಗಂಟೆವರೆಗೆ ಮಲಗೋಣ ಕಣೋ" ಅಂದಳಂತೆ. ಮಲಗಿದ್ದು ಒಂದು ವರ್ಷ. ಆಮೇಲೆ ಅವನು ಜಿಂಕೆಗಳ ಚಾಕರಿಗೆ ನಿಂತ. ಹಸುಗಳಾದರೂ ಹಾಲು ಕೊಡುತ್ತಿದ್ದವು.

ವಿಸ್ಕಾನ್ಸಿನ್ನಿನ ಈ ಮೂಲೆಯಲ್ಲಿ, ಸೋಲ್‌ಬರ್ಗ್ ಕಣಿವೆಯ ರಸ್ತೆಯಲ್ಲಿ ಇಪ್ಪತ್ತೇಳು ವರ್ಷ ಅಂಚೆ ಹಂಚಿದವಳು ನಾನು. ಯಾರಿಗೆ ಯಾವ ಪೊಟ್ಟಣ ಬರುತ್ತದೆ ಅನ್ನುವುದು ಪಾದ್ರಿಗಳಿಗಿಂತ ಅಂಚೆಯವರಿಗೆ ಚೆನ್ನಾಗಿ ಗೊತ್ತು. ಯಾರ ತಲೆಯ ಕೂದಲು ಪೆಟ್ಟಿಗೆಯಲ್ಲಿ ಬಂದದ್ದು ಅನ್ನುವುದೂ ಗೊತ್ತು, ಆದರೆ ಅದು ಈ ಕತೆಯಲ್ಲ. ಎಲ್‌ರಾಯ್‌ನ ಹುಚ್ಚಿನ ಮೊದಲ ಚೀಲವನ್ನು ನಾನೇ ಅವನ ಬಾಗಿಲಿಗೆ ಹೊತ್ತು ತಂದೆ. ಚಳಿಗಾಲದಲ್ಲಿ ಬೇಟೆಯವರ ಯಾವುದೋ ಮೇಳಕ್ಕೆ ಹೋಗಿ ಬೀಜಕ್ಕೆ ಹೆಸರು ಬರೆಸಿ ಬಂದಿದ್ದ. ಚೀಲದ ಮೇಲೆ ಒಂದು ಗಂಡು ಜಿಂಕೆಯ ಚಿತ್ರ. ಊಟದ ಮನೆಯ ಕುರ್ಚಿಯನ್ನು ತಲೆಕೆಳಗು ಮಾಡಿ ನೆತ್ತಿಗೆ ಕಟ್ಟಿದಷ್ಟು ದೊಡ್ಡ ಕೊಂಬು.

"ಇದು ಜಿಂಕೆ ತಿನ್ನೋಕಾ, ಜಿಂಕೆ ಹುಟ್ಟೋಕಾ?" ಎಂದು ಕೇಳಿದೆ.

"ಟರ್ನಿಪ್ಪು, ಮೂಲಂಗಿ, ಕ್ಲೋವರ್ ಹುಲ್ಲು. ಮೂರೂ ಕಲಸಿರೋದು," ಅಂದ ಎಲ್‌ರಾಯ್. ಅವನ ಮುಖದಲ್ಲಿ ಅಂಥ ಬೆಳಕನ್ನು ನಾನು ಹಿಂದೆ ನೋಡಿದ್ದು ಒಮ್ಮೆ ಮಾತ್ರ, ಹೊಸ ಗೊಬ್ಬರದ ಗಾಡಿ ಕೊಂಡಾಗ. "ಗುಡ್ಡದ ಮೇಲಿನ ಮೂರು ಎಕರೆಗೆ ಹಾಕ್ತೀನಿ. ನೋಡ್ತಿರು ವಿಲ್ಮಾ, ಇಡೀ ಜಿಲ್ಲೆ ಜಿಂಕೆ ನನ್ನ ಮನೆಗೆ ಬರುತ್ತೆ, ಬೇಟೆಗೆ ನಾನು ಎಲ್ಲೂ ಹೋಗ್ಬೇಕಿಲ್ಲ."

ಅವನು ಕೆಲಸಗಳ್ಳನಲ್ಲ. ಮಾಡುವುದಿದ್ದರೆ ಸರಿಯಾಗಿ ಮಾಡಬೇಕು ಅನ್ನುವವನು. ಮಣ್ಣನ್ನು ಪರೀಕ್ಷೆಗೆ ಕಳಿಸಿದ. ಹುಳಿ ಮಣ್ಣು ಎಂದು ಉತ್ತರ ಬಂತು. ಮೂರು ಎಕರೆಗೆ ಒಂಬತ್ತು ಟನ್ ಸುಣ್ಣ ಚೆಲ್ಲಿದ. ಮಾರ್ಡೆಲ್ ತನ್ನ ಕೈತೋಟಕ್ಕೆ ಒಂದು ಬುಟ್ಟಿ ಗೊಬ್ಬರ ಬೇಕೆಂದು ಮೂರು ಸಲ ಕೇಳಿ, ನಾಲ್ಕನೆಯ ಸಲ ತಾನೇ ಸಲಿಕೆ ಹಿಡಿದಿದ್ದು ಆ ವರ್ಷವೇ.

ಆಗಸ್ಟಿನಲ್ಲಿ ಬಿತ್ತಿದ ಟರ್ನಿಪ್ ಅಕ್ಟೋಬರ್ ಹೊತ್ತಿಗೆ ಮೊಣಕಾಲುದ್ದ ಬೆಳೆಯಿತು. ಅಷ್ಟು ಚೆಂದದ ಬೆಳೆಯನ್ನು ಎಲ್‌ರಾಯ್ ಹಸುಗಳಿಗೂ ಬೆಳೆದಿರಲಿಲ್ಲ. ಸಂಜೆ ಸಂಜೆ ಜಿಂಕೆಗಳು ಕಾಡಿನಿಂದ ಇಳಿದು ಬಂದು, ಆ ಟರ್ನಿಪ್ಪಿನ ನಟ್ಟನಡುವೆ ಒಂದೆಲೆಯನ್ನೂ ಮುಟ್ಟದೆ ಸಾಲಾಗಿ ನಡೆದು, ಗುಡ್ಡ ಇಳಿದು, ಮಾರ್ಡೆಲ್‌ಳ ತೋಟಕ್ಕೆ ಹೋಗಿ ಬೀನ್ಸ್ ತಿಂದವು. ಬೀನ್ಸ್ ಮುಗಿದ ಮೇಲೆ ಕೇಲ್ ಸೊಪ್ಪು. ವಸಂತದಲ್ಲಿ ಮುಂಬಾಗಿಲ ಟ್ಯೂಲಿಪ್ ಮೊಗ್ಗುಗಳನ್ನು ಕತ್ತರಿ ಹಾಕಿದಂತೆ ಕತ್ತರಿಸಿಕೊಂಡು ಹೋದವು.

"ನಿನ್ನ ನೆಂಟರು ಬಂದಿದ್ರು," ಎಂದು ಮಾರ್ಡೆಲ್ ಕಾಫಿ ಲೋಟವನ್ನು ಕುಕ್ಕುತ್ತಿದ್ದಳು.

"ಅವಕ್ಕೆ ಇನ್ನೂ ಟರ್ನಿಪ್ ರುಚಿ ಗೊತ್ತಿಲ್ಲ. ಹಿಮ ಬಿದ್ಮೇಲೆ ಗೆಡ್ಡೆ ಸಿಹಿಯಾಗುತ್ತೆ, ಆಗ ನೋಡು."

ಹಿಮವೂ ಬಿತ್ತು, ಕರಗಿತು. ಯಾರೂ ತಿನ್ನದ ಟರ್ನಿಪ್ಪು ಮೂರು ಎಕರೆಯಲ್ಲಿ ಒಟ್ಟಿಗೆ ಕೊಳೆಯತೊಡಗಿತು. ಆ ವಾಸನೆಯನ್ನು ನಾನು ಇಲ್ಲಿ ಬಣ್ಣಿಸುವುದಿಲ್ಲ. ನೀವು ಊಟ ಮಾಡಿ ಓದುತ್ತಿರಬಹುದು. ರಸ್ತೆಯಲ್ಲಿ ಹೋಗುತ್ತಿದ್ದ ಯಾರೋ ಪರವೂರಿನವರು ಗ್ಯಾಸ್ ಸೋರುತ್ತಿದೆಯೆಂದು ಫೋನ್ ಮಾಡಿದ್ದರಿಂದ ನಮ್ಮ ಊರಿನ ಅಗ್ನಿಶಾಮಕ ವಾಹನ ಗಂಟೆ ಬಾರಿಸುತ್ತಾ ಬಂತು. ಹನ್ನೊಂದು ಮಂದಿ ಹೆಲ್ಮೆಟ್ ಹಾಕಿಕೊಂಡು ಗುಡ್ಡ ಹತ್ತಿದರು. ಎಲ್‌ರಾಯ್ ಅವರೆದುರು ಟೋಪಿ ತೆಗೆದು ನಿಂತು, "ಏನಿಲ್ಲ, ನಂದೇ ಬೆಳೆ," ಅಂದ. ಆ ಬೇಸಿಗೆಯೆಲ್ಲ ಬಾರಿನಲ್ಲಿ ಅವನು ಕಾಲಿಟ್ಟ ಕೂಡಲೇ ಯಾರಾದರೊಬ್ಬರು ಸಿಗರೇಟು ಆರಿಸುತ್ತಿದ್ದರು.

ಹಣ್ಣಿನ ಮರಗಳದ್ದು ಇನ್ನೊಂದು ಪುರಾಣ. ಕಾಡುಸೇಬು, ಪೇರ್, ಚೆಸ್ಟ್‌ನಟ್, ಒಟ್ಟು ನಲವತ್ತು ಸಸಿ. ಆಗಸ್ಟಿನಿಂದ ಡಿಸೆಂಬರ್‌ವರೆಗೆ ಒಂದರ ಹಿಂದೊಂದು ಹಣ್ಣು ಉದುರುವಂತೆ ಜಾತಿ ನೋಡಿ ಆರಿಸಿದ್ದ. ಸಸಿಗಳ ಪೆಟ್ಟಿಗೆ ನನ್ನ ಕಾರಿನ ಕಿಟಕಿಯಿಂದ ಮೂರಡಿ ಹೊರಗೆ ಚಾಚಿಕೊಂಡಿತ್ತು. ವಾರ ಬಿಟ್ಟು ಹೋದಾಗ ಪ್ರತಿ ಸಸಿಯ ಸುತ್ತ ಎದೆಯೆತ್ತರದ ತಂತಿ ಪಂಜರ ನಿಂತಿತ್ತು.

"ಮರ ಯಾರಿಗೆ ನೆಟ್ಟಿದ್ದು?" ಅಂದೆ.

"ಜಿಂಕೆಗೆ."

"ಪಂಜರ ಯಾರು ಬರಬಾರ್ದು ಅಂತ?"

ಎಲ್‌ರಾಯ್ ಸ್ವಲ್ಪ ಹೊತ್ತು ಇಕ್ಕಳ ಹಿಡಿದು ಯೋಚಿಸಿದ. "ಜಿಂಕೆ," ಅಂದ. "ದೊಡ್ಡದಾಗೋವರೆಗೆ ಅಷ್ಟೇ."

ಪಂಜರ ಜಿಂಕೆಯನ್ನು ತಡೆಯಿತು, ಇಲಿಗಳನ್ನು ತಡೆಯಲಿಲ್ಲ. ಮೊದಲ ಚಳಿಗಾಲ ಹಿಮದಡಿ ಬಿಲ ಕೊರೆದು ಬಂದ ಇಲಿಗಳು ಹದಿನಾಲ್ಕು ಸಸಿಗಳ ತೊಗಟೆಯನ್ನು ಸುತ್ತಲೂ ಸುಲಿದು ತಿಂದವು. ಎಲ್‌ರಾಯ್ ಬುಡಕ್ಕೆಲ್ಲ ಬಿಗಿ ಜಾಲರಿ ಸುತ್ತಿದ, ಹೊಸ ಸಸಿ ಹಾಕಿದ. ನಾಲ್ಕನೆಯ ವರ್ಷ ಪೇರ್ ಮರ ಮೊದಲ ಸಲ ಕಾಯಿ ಬಿಟ್ಟಾಗ, ಈ ಕಡೆ ಹತ್ತು ವರ್ಷಕ್ಕೊಮ್ಮೆ ಕಾಣುವ ಕರಡಿ ಅದೇ ವಾರ ಬಂದು, ಮರ ಹತ್ತಿ, ಕೊಂಬೆಗಳನ್ನೆಲ್ಲ ಮುರಿದು, ಆರು ಕಾಯಿ ತಿಂದು ಹೋಯಿತು. ಐದನೆಯ ವರ್ಷ ಮರಗಳು ದೊಡ್ಡವಾದವೆಂದು ಏಳು ಪಂಜರ ತೆಗೆದ. ವಾರದೊಳಗೆ ಯಾವುದೋ ಗಂಡು ಜಿಂಕೆ ಕೊಂಬು ಉಜ್ಜಿ ಉಜ್ಜಿ ಏಳನ್ನೂ ಸಿಗಿದುಹಾಕಿತು. ಎಲ್‌ರಾಯ್ ಆ ಮರಗಳ ಮುಂದೆ ನಿಂತು ನಾರ್ವೇಜಿಯನ್ ಭಾಷೆಯಲ್ಲಿ ಏನೋ ಹೇಳಿದ. ಅವನಿಗೆ ಆ ಭಾಷೆ ಬರುವುದಿಲ್ಲ. ಅಜ್ಜನಿಂದ ಕಲಿತದ್ದು ಅದೊಂದು ವಾಕ್ಯ ಮಾತ್ರ. ಅರ್ಥ ಗೊತ್ತಿದ್ದ ನಮ್ಮ ಚರ್ಚಿನ ಮುದುಕಿಯೊಬ್ಬರು ಕೇಳಿಸಿಕೊಂಡಿದ್ದರೆ ಮೂರು ದಿನ ಉಪವಾಸ ಮಾಡುತ್ತಿದ್ದರು.

ಇಷ್ಟೆಲ್ಲ ಸಾಲದೆಂಬಂತೆ ಲ್ಯಾಡ್ ಹಾವ್ಲಿಕ್ ಇದ್ದ. ಬೇಲಿಯಾಚೆಯ ಜೋಳದ ಹೊಲ ಅವನದು. ಮಾರ್ಡೆಲ್‌ಳ ಸ್ವಂತ ತಮ್ಮ. ಮದುವೆಯಾಗಲಿಲ್ಲ, ಮದುವೆಗೆ ಬೇಕಾದ ಮಾತು ಅವನ ಬಾಯಲ್ಲಿ ಬರುತ್ತಿರಲಿಲ್ಲ, ಉಳಿದ ಮಾತೆಲ್ಲ ಬರುತ್ತಿತ್ತು. ಎಲ್‌ರಾಯ್ ಟರ್ನಿಪ್ ಹಾಕಿದ ಎರಡನೆಯ ವರ್ಷವೇ ಲ್ಯಾಡ್ ಬೇಲಿಗೆ ಹನ್ನೆರಡು ಹೆಜ್ಜೆ ದೂರದಲ್ಲಿ, ತನ್ನ ನೆಲದಲ್ಲೇ, ಟರ್ನಿಪ್ಪಿಗೆ ಮುಖ ಮಾಡಿ ಬೇಟೆಗೆ ಕೂರುವ ಒಂದು ಅಟ್ಟಣೆ ಕಟ್ಟಿದ.

"ಏನೋ ಇದು?" ಎಂದು ಎಲ್‌ರಾಯ್ ಬೇಲಿಗೆ ಬಂದು ಕೂಗಿದ.

"ಅಟ್ಟಣೆ."

"ಅದು ನನ್ನ ಹೊಲ ನೋಡ್ತಿದೆ!"

"ನನ್ನ ಜೋಳ ನಾನು ದಿನಾ ನೋಡ್ತೀನಿ ಮಾರಾಯ, ಬೇಜಾರು. ನಿನ್ನ ಟರ್ನಿಪ್ ಚೆನ್ನಾಗಿ ಕಾಣುತ್ತೆ. ನೀನು ಬೆಳೆಸು, ನಾನು ಹೊಡೀತೀನಿ. ಮನೆತನದ ಕೆಲಸ ಹಂಚ್ಕೊಂಡು ಮಾಡ್ಬೇಕು."

ಇವರಿಬ್ಬರ ನಡುವೆ ಬಿಷಪ್ ಬಂದ.

ಎಲ್‌ರಾಯ್ ಮರಗಳಿಗೆ ಕಟ್ಟಿದ್ದ ಕ್ಯಾಮೆರಾದಲ್ಲಿ ಅವನು ಮೊದಲು ಸಿಕ್ಕಾಗ ಎರಡು ವರ್ಷದ ಗಂಡು ಜಿಂಕೆ. ಕತ್ತಿನ ಕೆಳಗೆ ಪಾದ್ರಿಗಳ ಪಟ್ಟಿಯಂತೆ ಅಗಲವಾದ ಬಿಳಿ ಗೆರೆ. ಹೆಸರಿಟ್ಟವಳು ಮಾರ್ಡೆಲ್: "ನಮ್ಮ ಬಿಷಪ್ಪರ ಹಾಗೇ. ಯಾವತ್ತೋ ಒಂದಿನ ಬರ್ತಾರೆ, ಇದ್ದದ್ದನ್ನೆಲ್ಲ ತಿಂತಾರೆ, ಎಲ್ಲರನ್ನೂ ಒಂದ್ಸಲ ನೋಡ್ತಾರೆ, ಹೋಗ್ತಾರೆ." ಈ ಮಾತು ನಮ್ಮ ಪಾಸ್ಟರ್ ಕಿವಿಗೂ ಬಿತ್ತು. ಆಕೆ ನಕ್ಕು, ತಾನು ಕೇಳಿಸಿಕೊಂಡಿಲ್ಲ ಅಂದರು.

ಮೂರನೆಯ ವರ್ಷಕ್ಕೆ ಬಿಷಪ್ಪನ ಕೊಂಬಿನಲ್ಲಿ ಎಂಟು ಕವಲು. ಎಲ್‌ರಾಯ್ ಅವನನ್ನು ಎದುರೇ ನೋಡಿಯೂ ಬಂದೂಕು ಎತ್ತಲಿಲ್ಲ. "ಇನ್ನೆರಡು ವರ್ಷ ಬಿಟ್ರೆ ಏನಾಗ್ತಾನೆ ಗೊತ್ತಾ!" ಅಂತ ನನ್ನ ಕಾರಿನ ಕಿಟಕಿಗೆ ತಲೆ ತೂರಿಸಿ ಹೇಳಿದ. ಆದರೆ ತಾನು ಬಿಟ್ಟದ್ದನ್ನು ಲ್ಯಾಡ್ ಬಿಡಬೇಕಲ್ಲ. ಅದಕ್ಕೇ ಒಂದು ಭಾನುವಾರ ಟ್ವೇಟನ್ನರ ಅಡಿಗೆಮನೆಯಲ್ಲಿ ಸಂಧಾನ ನಡೆಯಿತು. ಮಾರ್ಡೆಲ್ ಕಾಫಿ ಕೊಟ್ಟಳು, ರುಬಾರ್ಬ್ ಕೇಕ್ ಕೊಟ್ಟಳು, ಚರ್ಚಿನ ಪ್ರಾರ್ಥನೆಯ ಹಾಳೆಯ ಹಿಂಬದಿಯಲ್ಲಿ ತಾನೇ ಬರೆದಳು: ಬಿಷಪ್ಪನಿಗೆ ಐದು ತುಂಬುವವರೆಗೆ ಎಲ್‌ರಾಯ್ ಟ್ವೇಟನ್ ಆಗಲಿ ಲ್ಯಾಡ್ ಹಾವ್ಲಿಕ್ ಆಗಲಿ ಅವನ ಮೇಲೆ ಗುಂಡು ಹಾರಿಸತಕ್ಕದ್ದಲ್ಲ. ಇಬ್ಬರೂ ಸಹಿ ಹಾಕಿದರು. ಹಾಳೆ ಫ್ರಿಜ್ಜಿನ ಬಾಗಿಲಿಗೆ ಅಂಟಿತು. ಅವಳ ಸಹಿಯನ್ನು ಯಾರೂ ಕೇಳಲಿಲ್ಲ.

ಕೇಳಬೇಕಿತ್ತು. ಹಾವ್ಲಿಕ್ ಮುದುಕ ಬದುಕಿದ್ದಾಗ ಬೇಟೆಗೆ ಕರೆದುಕೊಂಡು ಹೋಗುತ್ತಿದ್ದದ್ದು ಮಗನನ್ನಲ್ಲ, ಮಗಳನ್ನು. ಲ್ಯಾಡ್ ಚಳಿಗೆ ಅಳುತ್ತಿದ್ದ, ಮಾರ್ಡೆಲ್ ಅಳುತ್ತಿರಲಿಲ್ಲ. ಹದಿಮೂರನೆಯ ವಯಸ್ಸಿನಲ್ಲಿ ಮೊದಲ ಜಿಂಕೆ ಹೊಡೆದಿದ್ದಳು. ಮದುವೆಯಾಗಿ ಬಂದ ಮೇಲೆ ಅಪ್ಪನ ಬಂದೂಕು ನೆಲಮಾಳಿಗೆಯ ಬಾಗಿಲ ಹಿಂದೆ ನಿಂತಿತು. ಬೇಟೆ ನಡೆಯುವ ನವೆಂಬರ್ ತಿಂಗಳಲ್ಲೂ ಹಸುಗಳು ಹಾಲು ಕೊಡುತ್ತವೆ, ಗಂಡ ಕಾಡಿಗೆ ಹೋದರೆ ಹಾಲನ್ನು ಯಾರಾದರೂ ಕರೆಯಬೇಕು. ಎಲ್‌ರಾಯ್ ಪ್ರತಿ ವರ್ಷ ಅವಳ ಹೆಸರಿನಲ್ಲೂ ಒಂದು ಬೇಟೆ ಪರವಾನಗಿ ತೆಗೆಯುತ್ತಿದ್ದ. ಅದು ಪ್ರೀತಿಯಿಂದಲ್ಲ. ಹಾಗೆ ಮಾಡಿದರೆ ಮನೆಗೆ ಇನ್ನೊಂದು ಜಿಂಕೆ ಹೊಡೆಯಬಹುದು ಅಂತ. ಇದು ಕಾನೂನಿಗೆ ಎಷ್ಟು ಸರಿ ಎಂದು ನಾನು ಕೇಳಿಲ್ಲ, ನೀವೂ ಕೇಳಬೇಡಿ. ಅರ್ಧ ಕಣಿವೆ ಹಾಗೇ ಮಾಡುತ್ತದೆ.

ಬಿಷಪ್ಪನಿಗೆ ಐದು ತುಂಬಿತು. ಹನ್ನೆರಡು ಕವಲು. ಕ್ಯಾಮೆರಾದ ಚಿತ್ರವನ್ನು ಎಲ್‌ರಾಯ್ ಪಾಕೀಟಿನಲ್ಲಿ ಇಟ್ಟುಕೊಂಡಿದ್ದ. ಮೊಮ್ಮಕ್ಕಳ ಚಿತ್ರ ಅದರ ಹಿಂದೆ. ನವೆಂಬರಿನ ಮೂರನೆಯ ಶನಿವಾರ ಬಂದೂಕು ಬೇಟೆ ಶುರುವಾಗುತ್ತದೆ. ಬೆಳಗಾಗುವ ಮುಂಚೆಯೇ ಎಲ್‌ರಾಯ್ ತನ್ನ ಅಟ್ಟಣೆಯಲ್ಲಿ, ಲ್ಯಾಡ್ ತನ್ನ ಅಟ್ಟಣೆಯಲ್ಲಿ, ಇಬ್ಬರ ನಡುವೆ ಮೂರು ಎಕರೆ ಟರ್ನಿಪ್. ಇಬ್ಬರೂ ಜಿಂಕೆಯನ್ನು ಕಾಯುವುದಕ್ಕಿಂತ ಒಬ್ಬರನ್ನೊಬ್ಬರು ಕಾಯುತ್ತಾ ಕೂತಿದ್ದರು.

ಶನಿವಾರವೂ ಅಂಚೆ ಇರುತ್ತದೆ. ಹತ್ತೂವರೆಗೆ ನಾನು ಕಿತ್ತಳೆ ಬಣ್ಣದ ಕೋಟು ತೊಟ್ಟು, ಯಾರೂ ಜಿಂಕೆಯೆಂದು ತಿಳಿದು ಹೊಡೆಯದಿರಲೆಂದು ಹಾಡು ಹೇಳುತ್ತಾ, ಟ್ವೇಟನ್ನರ ಬಾಗಿಲಿಗೆ ಒಂದು ಪೊಟ್ಟಣ ತಂದೆ. ಮಾರ್ಡೆಲ್ ಚರ್ಚಿನ ಔತಣಕ್ಕೆ ಲೆಫ್ಸೆ ಮಾಡುತ್ತಿದ್ದಳು. ಅದು ಆಲೂಗಡ್ಡೆ ರೊಟ್ಟಿ. ಹಾವ್ಲಿಕ್ ಮನೆತನದವರದಲ್ಲ, ಟ್ವೇಟನ್ನರದು. ಗಂಡನ ತಾಯಿಯಿಂದ ಕಲಿತು ಗಂಡನ ಅಕ್ಕಂದಿರಿಗಿಂತ ತೆಳ್ಳಗೆ ಲಟ್ಟಿಸುತ್ತಿದ್ದಳು, ಅದೊಂದು ಸೇಡು. ಮೊಣಕೈವರೆಗೆ ಹಿಟ್ಟು. "ಕೂತ್ಕೋ, ಬಿಸಿದು ತಿನ್ನು," ಅನ್ನುತ್ತಾ ಪಾತ್ರೆ ತೊಳೆಯುವ ತೊಟ್ಟಿಯ ಮೇಲಿನ ಕಿಟಕಿಯತ್ತ ತಿರುಗಿದವಳು ಹಾಗೇ ನಿಂತಳು.

"ವಿಲ್ಮಾ," ಅಂದಳು, ತುಂಬ ಮೆಲ್ಲಗೆ. "ಅಲ್ಲಾಡ್ಬೇಡ."

ನಾನು ಕೂತಲ್ಲಿಂದಲೇ ಕತ್ತು ಚಾಚಿದೆ. ಬಿಷಪ್ ಕೈತೋಟದ ನಡುವೆ ನಿಂತಿದ್ದ. ತೆಳು ಹಿಮದ ಮೇಲೆ ಕೇಲ್ ಸೊಪ್ಪಿನ ಕೊನೆಯ ಸಾಲು. ಗಿಡವನ್ನೇ ಎಳೆದು, ಅವಸರವಿಲ್ಲದೆ ಮೆಲ್ಲುತ್ತಿದ್ದ. ಒಂದು ಸಲ ತಲೆಯೆತ್ತಿ ಮನೆಯತ್ತ ನೋಡಿದ, ಬಾಯಿಂದ ಒಂದೆಲೆ ಜೋತಾಡುತ್ತಿತ್ತು.

"ಎಲ್‌ರಾಯ್‌ಗೆ ಫೋನ್ ಮಾಡ್ಲಾ?"

"ಯಾಕೆ?" ಅಂದಳು.

ಕೈಯ ಹಿಟ್ಟನ್ನು ಏಪ್ರನ್ನಿಗೆ ಒರೆಸಿಕೊಂಡಳು. ನೆಲಮಾಳಿಗೆಯ ಬಾಗಿಲ ಹಿಂದೆ ಕೈ ಹಾಕಿದಳು. ಗೂಟದಲ್ಲಿದ್ದ ಎಲ್‌ರಾಯ್‌ನ ಹಳೆಯ ಕಿತ್ತಳೆ ಕೋಟನ್ನು ಏಪ್ರನ್ನಿನ ಮೇಲೇ ಹಾಕಿ, ಕಿತ್ತಳೆ ಟೋಪಿಯನ್ನು ಕೂದಲ ಕರ್ಲರುಗಳ ಮೇಲೆ ಎಳೆದುಕೊಂಡಳು. ಹಿತ್ತಲ ಬಾಗಿಲು ತೆಗೆಯುತ್ತಾ ಹಿಂತಿರುಗಿ ನನಗೆ ಹೇಳಿದ್ದು ಇಷ್ಟೇ: "ಹಂಚಿನ ಮೇಲಿರೋದನ್ನ ತಿರುವಿ ಹಾಕು. ಸೀದು ಹೋಗುತ್ತೆ."

ತಿರುವಿ ಹಾಕಿದೆ. ತಿರುವುತ್ತಿದ್ದಾಗಲೇ ಒಂದು ಗುಂಡಿನ ಸದ್ದು. ಎರಡನೆಯದಿರಲಿಲ್ಲ. ನಾನು ಕಿಟಕಿಗೆ ಓಡಿದಾಗ ಬಿಷಪ್ ನಾಲ್ಕು ಹೆಜ್ಜೆ ಹೋಗಿ ಬೀನ್ಸಿನ ಚಪ್ಪರದೊಳಗೆ ಬಿದ್ದಿದ್ದ. ಮಾರ್ಡೆಲ್ ಮೆಟ್ಟಿಲ ಮೇಲೆ ಬಂದೂಕಿನ ಕಾಡತೂಸು ಹೊರತೆಗೆಯುತ್ತಿದ್ದಳು. ಅವಳ ಮುಖ ಹದಿಮೂರು ವರ್ಷದವಳದಾಗಿತ್ತು.

ಗುಡ್ಡದ ಮೇಲೆ ನಡೆದದ್ದನ್ನು ನಾನು ಆಮೇಲೆ ಇಬ್ಬರಿಂದಲೂ ಕೇಳಿದ್ದೇನೆ. ಗುಂಡಿನ ಸದ್ದು ಕೇಳಿದ ಕೂಡಲೇ ಎಲ್‌ರಾಯ್‌ಗೆ ಲ್ಯಾಡ್ ಹೊಡೆದ ಅನ್ನಿಸಿತು, ಲ್ಯಾಡ್‌ಗೆ ಎಲ್‌ರಾಯ್ ಹೊಡೆದ ಅನ್ನಿಸಿತು. ಕಣಿವೆಯಲ್ಲಿ ಸದ್ದು ಎಲ್ಲಿಂದ ಬಂತೆಂದು ಹೇಳಲಾಗದು. ಇಬ್ಬರೂ ಅಟ್ಟಣೆ ಇಳಿದು, ಎಲ್‌ರಾಯ್ ಆಪರೇಷನ್ ಮಾಡಿ ಹಾಕಿಸಿಕೊಂಡಿದ್ದ ಲೋಹದ ಮೊಣಕಾಲುಗಳಲ್ಲಿ, ಲ್ಯಾಡ್ ಹೊಟ್ಟೆ ಹೊತ್ತುಕೊಂಡು, ಬೇಲಿಯತ್ತ ಓಡಿದರು.

"ಎಲ್ಲೋ ಅವನು? ಎಲ್ಲಿ ಬಿದ್ದ?" ಅಂದ ಎಲ್‌ರಾಯ್.

"ನನ್ನನ್ನ ಕೇಳ್ತೀಯಾ ಕಳ್ಳ? ಹೊಡ್ದಿದ್ದು ನೀನು!"

"ನಾನಾ? ನನ್ನ ಬಂದೂಕಿನ ನಳಿಕೆ ಮೂಸಿ ನೋಡೋ! ಮೂಸು!"

ಇಬ್ಬರು ಅರವತ್ತು ದಾಟಿದ ಗಂಡಸರು ಬೇಲಿಯ ಆಚೆ ಈಚೆ ನಿಂತು ಒಬ್ಬರ ಬಂದೂಕನ್ನೊಬ್ಬರು ಮೂಸುತ್ತಿದ್ದಾಗ ಎಲ್‌ರಾಯ್‌ನ ಜೇಬಿನಲ್ಲಿ ಫೋನ್ ನಡುಗಿತು.

"ಬೇಗ ಹೇಳು," ಎಂದು ಅವನು ಅಭ್ಯಾಸಬಲದಿಂದ ಪಿಸುಗುಟ್ಟಿದ. "ಜಿಂಕೆ ಓಡಿಹೋಗುತ್ತೆ."

"ಓಡಲ್ಲ," ಅಂದಳು ಮಾರ್ಡೆಲ್. "ಟ್ರ್ಯಾಕ್ಟರ್ ತಗೊಂಡು ಬಾ. ಲ್ಯಾಡ್‌ನನ್ನೂ ಕರ್ಕೊಂಡು ಬಾ, ಭಾರ ಇದೆ."

ಅವರು ಬಂದರು. ತೋಟದ ಬೇಲಿಯಲ್ಲಿ ಎಲ್‌ರಾಯ್ ನಿಂತುಬಿಟ್ಟ. ಟೋಪಿ ತೆಗೆದ. ಮೆಲ್ಲಗೆ ಹೋಗಿ ಹಿಮದಲ್ಲಿ ಮೊಣಕಾಲೂರಿ, ಒಂದೊಂದು ಕವಲನ್ನೂ ಬೆರಳಿಂದ ಮುಟ್ಟಿ ಎಣಿಸಿದ. ನಾನು ಅಡಿಗೆಮನೆಯ ಬಾಗಿಲಲ್ಲಿ ಲೆಫ್ಸೆ ತಿನ್ನುತ್ತಾ ನಿಂತಿದ್ದವಳು ಜಗಿಯುವುದು ನಿಲ್ಲಿಸಿದೆ. ಲ್ಯಾಡ್ ಜೇಬಿನಿಂದ ಚಾಕು ತೆಗೆದ.

"ಯಾರ ಊಟ ತಿಂದು ಇಷ್ಟು ಬೆಳೆದ ಅಂತ ನೋಡೇಬಿಡೋಣ," ಅಂದ ಆಮೇಲೆ.

ಜಿಂಕೆಯ ಹೊಟ್ಟೆ ಸೀಳಿ ಕರುಳು ತೆಗೆಯುವುದು ಹೇಗೂ ಆಗಬೇಕಾದ ಕೆಲಸ. ಆದರೆ ತೀರ್ಪು ಬರೆಯುವವರ ಗಾಂಭೀರ್ಯದಲ್ಲಿ ಅದನ್ನು ಮಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಜಠರವನ್ನು ಹಿಮದ ಮೇಲಿಟ್ಟು ಕೊಯ್ದರು. ಹಬೆ ಎದ್ದಿತು. ಇಬ್ಬರೂ ಕಡ್ಡಿ ಹಿಡಿದು ಕೆದಕತೊಡಗಿದರು.

"ಜೋಳ," ಅಂದ ಲ್ಯಾಡ್. "ನಂದು. ಇದೂ ನಂದು. ಇದೂ."

"ಓಕ್ ಕಾಯಿ," ಅಂದ ಎಲ್‌ರಾಯ್. "ಅದು ದೇವರದು."

"ಕೇಲ್ ಸೊಪ್ಪು," ಅಂದಳು ಮಾರ್ಡೆಲ್ ಮೆಟ್ಟಿಲಿಂದ. "ಅಷ್ಟೂ ನಂದು."

ಕೆದಕಿದರು, ತಿರುವಿದರು. ಎಲ್‌ರಾಯ್‌ನ ಕಡ್ಡಿ ನಿಧಾನವಾಗುತ್ತಾ ಬಂತು. ಸುಣ್ಣ ಹಾಕಿ ಬೆಳೆದ ಮೂರು ಎಕರೆಯ ಒಂದು ಚೂರೂ ಅಲ್ಲಿರಲಿಲ್ಲ. ಆಗ ಲ್ಯಾಡ್ ಏನನ್ನೋ ಎರಡು ಬೆರಳಲ್ಲಿ ಎತ್ತಿ, ಕೈಯಲ್ಲಿ ಉಜ್ಜಿ, ಬೆಳಕಿಗೆ ಹಿಡಿದ.

"ಇಗೋ ನೋಡು," ಅಂದ. "ಟರ್ನಿಪ್. ಸಿಪ್ಪೆ ನೇರಳೆ ಇದೆ."

ಅದು ಕೊಳೆತ ಓಕ್ ಕಾಯಿಯ ಚಿಪ್ಪು. ಬಾಗಿಲಲ್ಲಿ ನಿಂತ ನನಗೇ ಕಾಣುತ್ತಿತ್ತು. ಎಲ್‌ರಾಯ್ ಅದನ್ನು ತೆಗೆದುಕೊಂಡು ಬಹಳ ಹೊತ್ತು ನೋಡಿದ. "ಹೌದು ಕಣೋ," ಅಂದ. "ಟರ್ನಿಪ್ಪೇ."

ಲ್ಯಾಡ್ ಹಾವ್ಲಿಕ್ ಜೀವಮಾನದಲ್ಲಿ ಆಡಿದ ಒಂದೇ ಒಂದು ಕರುಣೆಯ ಮಾತು ಅದು. ಮರುದಿನದಿಂದ ಮತ್ತೆ ಎಂದಿನ ಲ್ಯಾಡ್. ಬಾರಿನ ಗೋಡೆಯ ಮೇಲೆ ಆ ವರ್ಷದ ದೊಡ್ಡ ಕೊಂಬಿನ ಪಟ್ಟಿಯಲ್ಲಿ ಮೊದಲ ಹೆಸರು ಮಾರ್ಡೆಲ್ ಟ್ವೇಟನ್. ಲ್ಯಾಡ್ ಅದರ ಕೆಳಗೆ ಸೀಸದಕಡ್ಡಿಯಲ್ಲಿ "ಮಾಲಿ: ಎಲ್‌ರಾಯ್" ಎಂದು ಬರೆದ. ವಾರಪತ್ರಿಕೆಯವರು ಬಂದು ಅವಳ ಚಿತ್ರ ತೆಗೆದರು. ಕರ್ಲರು ತೆಗೆದು ಬರುತ್ತೇನೆ ಅಂದಳು. ಬೇಡ, ಹಾಗೇ ನಿಲ್ಲಿ ಅಂದರು.

ಎಲ್‌ರಾಯ್ ಮಾತ್ರ ಸಪ್ಪಗಾದ. ನಾಲ್ಕು ದಿನ ಅಂಚೆ ಪೆಟ್ಟಿಗೆಯ ಹತ್ತಿರ ಬರಲಿಲ್ಲ. ಐದನೆಯ ದಿನ ಬಂದು, ಬಿಲ್ಲುಗಳನ್ನು ಕೈಯಲ್ಲಿ ಹಿಡಿದು, "ನಾನು ಅವನಿಗೆ ಅಷ್ಟೆಲ್ಲ ಬೆಳೆಸ್ದೆ ವಿಲ್ಮಾ" ಅಂದ. ಹೇಳಬೇಕಾದದ್ದನ್ನು ಅವನ ಹೆಂಡತಿ ಆ ದಿನ ಮಧ್ಯಾಹ್ನದ ಊಟದ ಮೇಜಿನಲ್ಲಿ ಹೇಳಿದಳು. ಅವಳೇ ನನಗೆ ತಿಳಿಸಿದ್ದು ಇದು.

"ನೀನು ಯಾಕೆ ಹೊಡೆದೆ?" ಎಂದು ಅವನು ಕೊನೆಗೂ ಕೇಳಿದನಂತೆ.

"ನಾಲ್ಕು ಬೇಸಿಗೆ ನನ್ನ ಬೀನ್ಸ್ ತಿಂದ."

"ಅದಕ್ಕೇನಾ?"

ಮಾರ್ಡೆಲ್ ಚಮಚ ಕೆಳಗಿಟ್ಟಳು. "ಮೂವತ್ಮೂರು ವರ್ಷ ಹಸು ಅಂದೆ. ಸರಿ, ಹಸು. ಆಮೇಲೆ ಜಿಂಕೆ ಅಂದೆ. ಪ್ರತಿ ವರ್ಷ ನನ್ನ ಹೆಸರಲ್ಲಿ ಪರವಾನಗಿ ತರ್ತೀಯ. ಒಂದು ವರ್ಷನಾದ್ರೂ, ನೀನೂ ಬರ್ತೀಯಾ ಅಂತ ಕೇಳಿದ್ಯಾ? ಆ ಅಟ್ಟಣೆಯೊಳಗೆ ಹೀಟರ್ ಇದೆ, ಕುರ್ಚಿ ಇದೆ. ಒಂದು ಕುರ್ಚಿ."

ನಾರ್ವೇಜಿಯನ್ ಮೂಲದ ಗಂಡಸರಿಗೆ ಇಂಥ ಪ್ರಶ್ನೆಗೆ ಉತ್ತರ ಹುಡುಕಲು ಸಾಮಾನ್ಯವಾಗಿ ಎರಡು ತಲೆಮಾರು ಬೇಕು. ಅವನು ಎರಡೇ ದಿನ ತೆಗೆದುಕೊಂಡ. ಮೂರನೆಯ ದಿನ ಟ್ರ್ಯಾಕ್ಟರಿನಲ್ಲಿ ಹಲಗೆ, ಗರಗಸ ಹೇರಿಕೊಂಡು ಗುಡ್ಡ ಹತ್ತಿ ಅಟ್ಟಣೆಯ ಒಂದು ಗೋಡೆ ಒಡೆದು ಎರಡಡಿ ಅಗಲ ಮಾಡಿದ. ಸಂಜೆ ಬಂದು, "ಅಡಿಗೆಮನೆ ಕುರ್ಚಿ ಒಂದು ತಗೊಂಡು ಹೋಗ್ಲಾ?" ಎಂದು ಕೇಳಿದ. ಕ್ಷಮೆ ಎಂಬ ಮಾತು ಬರಲಿಲ್ಲ. ಅವಳು ಮೆತ್ತೆ ಇರುವುದನ್ನು ತೆಗೆದುಕೊಂಡು ಹೋಗು ಅಂದಳು.

ಬಿಷಪ್ಪನ ಮಾಂಸದಲ್ಲಿ ಅರ್ಧ ಸಾಸೇಜ್ ಆಯಿತು. ಮುದಿ ಗಂಡು, ಗಟ್ಟಿ. ನನಗೂ ಒಂದು ಕಟ್ಟು ಬಂತು. ಗಟ್ಟಿಯೆಂದು ನಾನು ದೂರಲಿಲ್ಲ. ಬಿಷಪ್ಪರನ್ನು ತಿಂದವರು ನಮ್ಮ ಚರ್ಚಿನಲ್ಲಿ ಬಹಳ ಮಂದಿಯಿಲ್ಲ.

ಮುಂದಿನ ವಸಂತದಿಂದ ಗುಡ್ಡದ ಬೇಸಾಯ ಮಾರ್ಡೆಲ್‌ಳ ಕೈಗೆ ಬಂತು. ಅವಳು ಚೀಲದ ಮೇಲಿನ ಚಿತ್ರ ನೋಡುತ್ತಿರಲಿಲ್ಲ, ಜಿಂಕೆಗಳನ್ನು ನೋಡುತ್ತಿದ್ದಳು. ಏಳೆಂಟು ವರ್ಷ ಅಡಿಗೆಮನೆಯ ಕಿಟಕಿಯಲ್ಲಿ ನಿಂತು ನೋಡಿದ್ದ ಅವಳಿಗಿಂತ, ಅವು ಏನು ತಿನ್ನುತ್ತವೆ ಅನ್ನುವುದನ್ನು ಚೆನ್ನಾಗಿ ಬಲ್ಲವರಿರಲಿಲ್ಲ. ಟರ್ನಿಪ್ ರದ್ದಾಯಿತು. ಬದಲಿಗೆ ಚಳಿಗಾಲದ ರೈ ಧಾನ್ಯ, ಕೇಲ್, ಅಂಚಿಗೆ ಕ್ಲೋವರ್. ಸಾಯಲು ಮನಸ್ಸಿಲ್ಲದ ಹತ್ತೊಂಬತ್ತು ಮರಗಳು ನಿಜವಾಗಿಯೂ ಹಣ್ಣು ಬಿಟ್ಟವು. ಜಿಂಕೆಗಳು ಗುಡ್ಡದ ಮೇಲೇ ನಿಂತವು, ಕೈತೋಟಕ್ಕೆ ಇಳಿಯುವುದು ಅರ್ಧಕ್ಕರ್ಧ ಕಡಿಮೆಯಾಯಿತು. ಎಲ್‌ರಾಯ್‌ಗೆ ಉಳಿದ ಹುದ್ದೆ ಕ್ಲೋವರ್ ಕತ್ತರಿಸುವುದು, ಮರಗಳ ಕಸಿ, ಮತ್ತು ಇಲಿಗಳ ಮೇಲೆ ಯುದ್ಧ. ನವೆಂಬರಿನಲ್ಲಿ ಇಬ್ಬರೂ ಅಟ್ಟಣೆಯಲ್ಲಿ ಕೂತರು. ಮಾರ್ಡೆಲ್ ಫ್ಲಾಸ್ಕಿನಲ್ಲಿ ಕಾಫಿ ತಂದಳು, ಮಾತಾಡಿದಳು. ಇವರ ಮಾತು ತನ್ನ ಅಟ್ಟಣೆಗೆ ಕೇಳುತ್ತದೆ, ಜಿಂಕೆ ಹಾಗಿರಲಿ ಅಳಿಲೂ ಬರುತ್ತಿಲ್ಲ ಎಂದು ಲ್ಯಾಡ್ ನನ್ನ ಹತ್ತಿರ ದೂರು ಹೇಳಿದ. "ಮದುವೆಯಾಗಿ ನಲವತ್ತು ವರ್ಷ ಆಗಿದೆ, ಇನ್ನೂ ಏನು ಉಳಿದಿದೆ ಮಾತಾಡೋಕೆ?" ಅಂದ. ಅವನಿಗೆ ಹೇಗೆ ಗೊತ್ತಾಗಬೇಕು?

ಎರಡು ವರ್ಷದ ಹಿಂದೆ, ಅಕ್ಟೋಬರಿನಲ್ಲಿ, ಜಿಲ್ಲೆಯ ಅರಣ್ಯ ಸಲಹೆಗಾರ್ತಿಯೊಬ್ಬಳು ಟ್ವೇಟನ್ನರ ಗುಡ್ಡ ನೋಡಿ ಮೆಚ್ಚಿ, ಬೇರೆ ಭೂಮಾಲೀಕರನ್ನು ಕರೆತಂದು ತೋರಿಸಬಹುದೇ ಎಂದು ಕೇಳಿದಳು. ಮೂವತ್ತು ಮಂದಿ ಬಂದರು. ಹೊಳೆಯುವ ಬೂಟು, ಹೊಸ ಜಾಕೆಟ್ಟು, ಅರ್ಧಕ್ಕರ್ಧ ಕಾರುಗಳಿಗೆ ಇಲಿನಾಯ್ ರಾಜ್ಯದ ಫಲಕ. ಆಗ ನಾನು ನಿವೃತ್ತಳಾಗಿದ್ದೆ. ಪೈ ಹಂಚಲು ಮಾರ್ಡೆಲ್ ನನ್ನನ್ನು ಕರೆದಿದ್ದಳು. ಎಪ್ಪತ್ತು ದಾಟಿದ ಎಲ್‌ರಾಯ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಗಾಡಿಯ ಮೇಲೆ ನಿಂತು ಸುಣ್ಣದಿಂದ ಶುರುಮಾಡಿದ. ತುಂತುರು ಮಳೆ. ಚಿಕಾಗೋ ಕಡೆಯ ಒಬ್ಬಾತ ಕೈಯೆತ್ತಿದ.

"ಈ ಹೊಲದ ಮೇಲೆ ನೀವು ಈವರೆಗೆ ಎಷ್ಟು ದೊಡ್ಡ ಗಂಡು ಜಿಂಕೆ ಹೊಡೆದಿದ್ದೀರಿ ಸಾರ್?"

"ಒಂದೂ ಇಲ್ಲ," ಅಂದ ಎಲ್‌ರಾಯ್.

ಸಲಹೆಗಾರ್ತಿ ತನ್ನ ಹಾಳೆಗಳನ್ನು ನೋಡಿಕೊಂಡಳು.

"ಹಾಗಾದ್ರೆ ಇಷ್ಟು ವರ್ಷ ಇಲ್ಲಿ ಏನು ಮಾಡ್ತಿದ್ರಿ?"

ಎಲ್‌ರಾಯ್ ಪ್ರಶ್ನೆಯನ್ನು ಸರಿಯಾಗಿಯೇ ತೆಗೆದುಕೊಂಡ. ಗುಡ್ಡದ ಕಡೆ ನೋಡಿದ. "ಹುಲ್ಲು ಕತ್ತರಿಸ್ತಿದ್ದೆ," ಅಂದ. "ಮತ್ತೆ ಇಲಿ. ಇಲಿ ವಿಷಯ ನಿಮಗೆ ಯಾರಾದ್ರೂ ಹೇಳಿದಾರಾ?"

ಯಾರೂ ಹೇಳಿರಲಿಲ್ಲ. ಅವನು ಗಾಡಿಯಿಂದ ಇಳಿದು ಮರಗಳತ್ತ ನಡೆದ, ಮೂವತ್ತು ಜನ ಹೊಸ ಬೂಟುಗಳಲ್ಲಿ ಕೆಸರು ತುಳಿಯುತ್ತಾ ಹಿಂದೆ ಹೋದರು. ಒಂದು ಸೇಬಿನ ಮರದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಜಾಲರಿಯನ್ನು ಎಷ್ಟು ಆಳ ಹೂಳಬೇಕೆಂದು ತೋರಿಸತೊಡಗಿದ. ಬೇಲಿಯಾಚೆ ಲ್ಯಾಡ್ ಟ್ರ್ಯಾಕ್ಟರ್ ನಿಲ್ಲಿಸಿ, "ಸುಳ್ಳು ಹೇಳ್ತಾನೆ, ನಂಬಬೇಡಿ!" ಎಂದು ಕೂಗಿದ. ಯಾರೂ ತಿರುಗಿ ನೋಡಲಿಲ್ಲ, ಕೆಲವರು ಬರೆದುಕೊಳ್ಳುತ್ತಿದ್ದರು. ಮೂರೂವರೆಗೆ ಪೈ ತಣ್ಣಗಾಗಿ, ಕಾಫಿಯನ್ನು ಎರಡು ಸಲ ಬಿಸಿ ಮಾಡಿದ ಮೇಲೆ ಮಾರ್ಡೆಲ್ ನನ್ನನ್ನು ಗುಡ್ಡಕ್ಕೆ ಕಳಿಸಿದಳು. ಹೋಗಿ ನೋಡಿದರೆ ಅವನು ಇನ್ನೂ ಮೂರನೆಯ ಮರದ ಹತ್ತಿರವೇ ಇದ್ದ.